ಸತ್ಯಾಂಶ: ಕಾಫಿ ಚರಟ ಹಾಕಿದ್ರೆ ಹೈಡ್ರೇಂಜಿಯಾ ನೀಲಿ ಆಗುತ್ತಾ?

ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟ ಬುಡಕ್ಕೆ ಹಾಕಿದ್ರೆ ಮಣ್ಣು ಹುಳಿಯಾಗಿ ಹೈಡ್ರೇಂಜಿಯಾ ನೀಲಿ ಹೂ ಬಿಡುತ್ತೆ ಅಂತ ಒಂದು ಫಾರ್ವರ್ಡ್ ನಮ್ಮ ಮಡಿಕೇರಿ ಗ್ರೂಪುಗಳಲ್ಲಿ ಸುತ್ತುತ್ತಿದೆ. ಹಂಗೇನಿಲ್ಲ. ಹುಳಿ ಅಂಶ ಬಹುಪಾಲು ಡಿಕಾಕ್ಷನ್ ಜೊತೆ ಇಳಿದು ನಮ್ಮ ಹೊಟ್ಟೆಗೇ ಹೋಗಿರುತ್ತೆ, ಉಳಿದ ಚರಟದ ಪಿಎಚ್ (ಹುಳಿ ಅಳೆಯೋ ಅಂಕಿ, ಕಮ್ಮಿ ಆದಷ್ಟೂ ಹುಳಿ ಜಾಸ್ತಿ) ಸಾಮಾನ್ಯವಾಗಿ 6.5ರ ಆಸುಪಾಸು, ಅಂದ್ರೆ ಹೆಚ್ಚುಕಮ್ಮಿ ನ್ಯೂಟ್ರಲ್. ಹೂ ನೀಲಿಯಾಗೋದು ಮಣ್ಣಲ್ಲಿರೋ ಅಲ್ಯೂಮಿನಿಯಂನಿಂದ, ಪಿಎಚ್ 5.5ಕ್ಕಿಂತ ಕೆಳಗಿದ್ರೆ ಬೇರು ಅದನ್ನ ಚೆನ್ನಾಗಿ ಎಳ್ಕೊಳ್ಳುತ್ತೆ. ಬಿಳಿ ತಳಿ ಏನು ಮಾಡಿದ್ರೂ ನೀಲಿ ಆಗಲ್ಲ. ಇಲ್ಲಂತೂ ಜಡಿಮಳೆಗೆ ಸುಣ್ಣದಂಶ ತೊಳೆದು ಹೋಗಿ ಮಣ್ಣು ಮೊದಲೇ ಹುಳಿ, ಅದಕ್ಕೇ ತಾನೆ ಕಾಫಿ ತೋಟಕ್ಕೆ ಸುಣ್ಣ ಹಾಕೋದು! ಚರಟನ ಕುಂಡದ ಮೇಲೆ ದಪ್ಪಕ್ಕೆ ಸುರಿದ್ರೆ ಒಣಗಿ ಹಪ್ಪಳದ ಥರ ಗಟ್ಟಿಯಾಗಿ ನೀರೇ ಇಳಿಯಲ್ಲ. ತರಗೆಲೆ ಜೊತೆ ಗೊಬ್ಬರದ ಗುಂಡಿಗೆ ಹಾಕಿ.