ಸಿಪ್ಪೆ ಬಿಡದ ಮೊಟ್ಟೆ

ಜಿಮ್ಮಿನಲ್ಲಿ ಪಕ್ಕದ ಬೆಂಚಿನವರು ಬಾರ್ ಇಳಿಸಿ, ಏದುಸಿರು ಬಿಡುತ್ತಲೇ ಕೇಳುತ್ತಾರೆ, "ದಿನಕ್ಕೆ ಎಷ್ಟು ಗ್ರಾಂ ತಗೊಳ್ತೀರಾ?" ಏನನ್ನು ಅಂತ ಹೇಳುವುದೂ ಇಲ್ಲ, ಪ್ರೋಟೀನನ್ನೇ. ಲೆಕ್ಕದ ಮೇಲೆ ನನಗೆ ಸಿಟ್ಟಿಲ್ಲ. 2018ರಲ್ಲಿ 49 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು, ದೇಹದ ತೂಕದ ಒಂದು ಕಿಲೋಗೆ 1.6 ಗ್ರಾಂ ದಾಟಿದರೆ ಸ್ನಾಯುಗಳಿಗೆ ಜಾಸ್ತಿ ಲಾಭವೇನೂ ಕಾಣುವುದಿಲ್ಲ ಎಂದಿದ್ದಾರೆ. 70 ಕಿಲೋ ಇದ್ದರೆ 112 ಗ್ರಾಂ, ಮುಗಿಯಿತು. ಸಿಟ್ಟು ಬರುವುದು ಅವರು ಡಬ್ಬಿ ತೆರೆದಾಗ. ಬರೀ ನೀರಲ್ಲಿ ಬೇಯಿಸಿದ ಕೋಳಿಯ ಎದೆ ಮಾಂಸ, ಒಣಗಿ ನಾರುನಾರಾಗಿದೆ. 100 ಗ್ರಾಮಿಗೆ 31 ಗ್ರಾಂ ಪ್ರೋಟೀನ್, ನಿಜ. ಒಂದು ಚಿಟಿಕೆ ಉಪ್ಪು ಹಾಕಿದ್ದರೆ 30 ಆಗಿಬಿಡುತ್ತಿತ್ತೇ? ತಿನ್ನುವಾಗ ಅವರ ಮುಖ ನೋಡಬೇಕು, ಸಾಲದ ಕಂತು ಕಟ್ಟಿದ ಹಾಗೆ ಒಂದೊಂದೇ ತುತ್ತು ಇಳಿಸುತ್ತಾರೆ.

ಅಗ್ಗವೂ ಆಗಿ, ನಾಲಿಗೆಗೂ ಒಪ್ಪುವಂಥದ್ದು ಬೇಕಾದಷ್ಟಿದೆ. ಹಾಲು, ಮೊಸರು, ಬೇಳೆ, ಕಾಳು. ಒಣ ಸೋಯಾ ಚಂಕ್ಸ್‌ನಲ್ಲಿ ಅರ್ಧಕ್ಕರ್ಧ ಪ್ರೋಟೀನೇ, ಬಿಸಿನೀರಲ್ಲಿ ನೆನೆಸಿ ಗಟ್ಟಿಯಾಗಿ ಹಿಂಡುವಷ್ಟು ತಾಳ್ಮೆ ಇದ್ದರೆ ಸಾಕು. ಪ್ರೋಟೀನ್ ಅಂತ ಹೇಳಿ ಶೇಂಗಾ ಮುಕ್ಕುವವರೂ ಇದ್ದಾರೆ, ಅದರಲ್ಲಿ ಕಾಲು ಭಾಗ ಪ್ರೋಟೀನ್, ಸುಮಾರು ಅರ್ಧ ಭಾಗ ಎಣ್ಣೆ. ಆಸೆಗೆ ತಿನ್ನುತ್ತೇನೆ ಅಂದರೆ ಯಾರು ಬೇಡ ಅಂತಾರೆ?

ಇವುಗಳಲ್ಲಿ ಯಾವುದನ್ನು ಹೇಗೆ ಆರಿಸಬೇಕು ಅನ್ನುವುದಕ್ಕೆ ನನ್ನದೊಂದು ಸೂತ್ರವಿದೆ, ಹೇಳುತ್ತೇನೆ. ಅದಕ್ಕೆ ಮುಂಚೆ ಮೊಟ್ಟೆಯ ವಿಷಯ.

ಒಂದರಲ್ಲಿ 6 ಗ್ರಾಂ, ಬೇಯಿಸುವುದು ಯಾರಿಗಾದರೂ ಬರುತ್ತದೆ. ಸುಲಿಯುವುದು? ಉಗುರಿನಷ್ಟು ಸಿಪ್ಪೆ ಎಬ್ಬಿಸಿದರೆ ಅದರ ಜೊತೆ ಹೆಬ್ಬೆರಳಿನಷ್ಟು ಬಿಳಿ ಕಿತ್ತುಬರುತ್ತದೆ. 6 ಗ್ರಾಂನಲ್ಲಿ ಬಾಯಿಗೆ ಎಷ್ಟು ಬಂತು, ಕಸದ ಬುಟ್ಟಿಗೆ ಎಷ್ಟು ಹೋಯಿತು ಅಂತ ಯಾವ ಆ್ಯಪ್ ಹೇಳುತ್ತದೆ? ಇನ್ನು ಸಲಹೆಗಾರರೋ! ನೀರಿಗೆ ಉಪ್ಪು ಹಾಕಿ, ವಿನೆಗರ್ ಹಾಕಿ, ಸೋಡಾ ಹಾಕಿ, ಸೂಜಿ ಚುಚ್ಚಿ, ಡಬ್ಬಿಯಲ್ಲಿ ಹಾಕಿ ಕುಲುಕಿ, ತುದಿ ಒಡೆದು ಊದಿ. ಊದಬೇಕಂತೆ! ಬೇರೆಯವರು ತಿನ್ನುವ ಮೊಟ್ಟೆಯನ್ನೂ ಊದುತ್ತಾರೋ ಏನೋ, ಕೇಳಲು ಧೈರ್ಯವಿಲ್ಲ.

ತಪ್ಪು ಮೊಟ್ಟೆಯ ತಾಜಾತನದ್ದು. ಹೊಸ ಮೊಟ್ಟೆಯ ಬಿಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ, ಅದು ಇರುವಷ್ಟು ದಿನ ಬೆಂದ ಬಿಳಿ ಒಳಗಿನ ಪೊರೆಗೆ ಕಚ್ಚಿಕೊಳ್ಳುತ್ತದೆ. ದಿನ ಕಳೆದಂತೆ ಚಿಪ್ಪಿನ ಸಣ್ಣ ರಂಧ್ರಗಳಿಂದ ಗಾಳಿಗೆ ಹೋಗಿ, ಬಿಳಿಯ ಕ್ಷಾರಗುಣ ಹೆಚ್ಚಿ, ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ತಂದ ಮೊಟ್ಟೆಯನ್ನು ಒಂದು ವಾರ ಫ್ರಿಜ್ಜಿನಲ್ಲಿ ಸುಮ್ನೆ ಬಿಡಿ. ಬೇಯಿಸುವಾಗ ತಣ್ಣೀರಿನಿಂದ ಶುರು ಮಾಡಬೇಡಿ, ಕುದಿಯುವ ನೀರಿಗೇ ಮೆಲ್ಲಗೆ ಇಳಿಸಿ, ಬಿಳಿ ಪೊರೆಗೆ ಅಂಟುವ ಮೊದಲೇ ಗಟ್ಟಿಯಾಗುತ್ತದೆ. ಆಮೇಲೆ ತಣ್ಣೀರು. ಇಷ್ಟೇ, ಊದುವ ಕೆಲಸವಿಲ್ಲ.

ಸುಲಿಯುವ ಗೋಳೇ ಬೇಡ ಅಂತ ಹಸಿಯಾಗಿ ಕುಡಿಯುವ ವೀರರಿಗೆ ಒಂದು ಮಾತು. ಬೆಂದ ಮೊಟ್ಟೆಯ ಪ್ರೋಟೀನ್ ಶೇಕಡ 90ರಷ್ಟು ಜೀರ್ಣವಾದರೆ ಹಸಿಯದು 50ರ ಆಸುಪಾಸು. ಎರಡು ಕುಡಿದು ಒಂದರ ಲಾಭ, ಮೇಲೆ ಆ ಲೋಳೆ.

ಸೂತ್ರ ಹೇಳುತ್ತೇನೆ ಅಂದಿದ್ದೆ ಅಲ್ವಾ, ಇನ್ನೊಮ್ಮೆ ನೋಡೋಣ. ಯಾಕೆಂದರೆ ಅದಕ್ಕಿಂತ ತುರ್ತಾದ ವಿಷಯ ನೆನಪಾಯಿತು: ಇಷ್ಟು ನೀಟಾಗಿ ಸುಲಿದ ಮೊಟ್ಟೆಯ ಹಳದಿ ಕಿತ್ತು ಬಿಸಾಡುವವರು. ಕೊಬ್ಬು ಅದರಲ್ಲೇ ಇದೆ, ಒಪ್ಪಿದೆ. ಪ್ರೋಟೀನಿನಲ್ಲೂ ಶೇಕಡ 40ರಷ್ಟು ಅದರಲ್ಲೇ ಇದೆ, ರುಚಿಯಂತೂ ಪೂರ್ತಿ ಅದರದ್ದೇ. ಬಿಸಾಡಲೇಬೇಕು ಅನ್ನುವವರು ಇತ್ತ ಕೊಡಿ, ಮೆಣಸಿನಪುಡಿ ನಾನೇ ತರುತ್ತೇನೆ.