ರ‍್ಯಾಕ್ ಮೇಲೆ ಒಂದು ರೇಟು, ಬಿಲ್‌ನಲ್ಲಿ ಇನ್ನೊಂದು

ರ‍್ಯಾಕ್ ಮೇಲೆ ಯಾವ ರೇಟು ಅಂಟಿಸಿದ್ದೀರೋ ಅದೇ ರೇಟಿಗೆ ಬಿಲ್ ಮಾಡಿ. ನಾನು ಕೇಳುತ್ತಿರುವುದು ಇಷ್ಟೇ. ಬಿಟ್ಟಿ ಕೊಡಿ ಅನ್ನುತ್ತಿಲ್ಲ. ಇನ್ನೊಂಚೂರು ಇಳಿಸಿ ಅಂತ ಚೌಕಾಶಿಗೂ ನಿಂತಿಲ್ಲ. ನೀವೇ ಬರೆದದ್ದು, ನೀವೇ ಅಂಟಿಸಿದ್ದು. ಅದನ್ನು ನಂಬಿ ಟ್ರಾಲಿಗೆ ಹಾಕಿಕೊಂಡು ಬಂದವರಿಗೆ ಕೌಂಟರ್‌ನಲ್ಲಿ ಬೇರೆ ರೇಟು ಹೇಳುವುದು ಯಾವ ಸೀಮೆ ವ್ಯಾಪಾರ?

ರಿಯಾಯಿತಿ ಸೂಪರ್‌ಮಾರ್ಕೆಟ್‌ಗೆ ಯಾರೂ ಶೋಕಿಗೆ ಹೋಗುವುದಿಲ್ಲ. ನಾಲ್ಕು ಕಾಸು ಉಳಿಯಲಿ ಅಂತ ಹೋಗುತ್ತಾರೆ. ಕೈಯಲ್ಲಿ ಸಾಮಾನಿನ ಪಟ್ಟಿ, ತಲೆಯಲ್ಲಿ ಕೂಡುವ ಲೆಕ್ಕ. ಇದು ತಗೊಂಡರೆ ಅದು ಬಿಡಬೇಕು, ಅದು ತಗೊಂಡರೆ ಇದು ಬಿಡಬೇಕು ಅಂತ ಒಂದೊಂದೇ ಎತ್ತಿಟ್ಟು ನೋಡುವವರು. ಅಂಥವರ ಹತ್ತಿರವೇ ಈ ಆಟ ಆಡುತ್ತಾರಲ್ಲ, ಮೈ ಉರಿಯುತ್ತದೆ.

ಮೊನ್ನೆ ಆದದ್ದು ಕೇಳಿ. ಬಟ್ಟೆ ಒಗೆಯುವ ಸೋಪಿನ ಪುಡಿ. ರ‍್ಯಾಕ್ ಅಂಚಿಗೆ ಹಳದಿ ಚೀಟಿ, ಅಂಗೈ ಅಗಲದ್ದು. ಹಳೇ ರೇಟಿಗೆ ಕೆಂಪು ಗೀಟು ಎಳೆದು ಪಕ್ಕದಲ್ಲಿ ಹೊಸ ರೇಟು ದಪ್ಪಗೆ ಬರೆದಿದ್ದಾರೆ. ಮೂಲೆಯಲ್ಲಿ ಏನೋ ಸಣ್ಣ ಅಕ್ಷರ ಇತ್ತು. ಆ ರ‍್ಯಾಕ್ ಮೊಣಕಾಲಿನ ಮಟ್ಟಕ್ಕಿದೆ. ಕುಕ್ಕರುಗಾಲಲ್ಲಿ ಕೂತು, ಕನ್ನಡಕ ಮೇಲೆತ್ತಿ, ಚೀಟಿಗೆ ಮೂಗು ತಾಗಿಸಿದರೆ ಮಾತ್ರ ಓದಬಹುದು. ಹಿಂದೆ ಬೇರೆ ಟ್ರಾಲಿ ಬಂದು ನಿಂತಿರುತ್ತದೆ, ದಾರಿ ಬಿಡಬೇಕು. ಎರಡು ಪ್ಯಾಕೆಟ್ ಎತ್ತಿಕೊಂಡು ಹೊರಟೆ.

ಕೌಂಟರ್‌ನಲ್ಲಿ ಬೀಪ್ ಅಂದಿತು. ಪರದೆ ಮೇಲೆ ಬಂದದ್ದು ಗೀಟು ಎಳೆದ ಆ ಹಳೇ ರೇಟು.

"ಇದು ಆಫರ್‌ನಲ್ಲಿ ಇದೆ ಅಲ್ವಾ?" ಅಂದೆ.

"ಆ ಆಫರ್ ನಿನ್ನೆಗೆ ಮುಗೀತು ಮೇಡಂ."

"ಮತ್ತೆ ಚೀಟಿ ಅಲ್ಲೇ ಇದೆಯಲ್ಲಮ್ಮಾ?"

"ತೆಗೀಬೇಕಿತ್ತು ಮೇಡಂ. ಸಿಸ್ಟಮ್‌ನಲ್ಲಿ ಇದೇ ರೇಟ್ ಬರ್ತಿದೆ."

ಸಿಸ್ಟಮ್! ಈ ಒಂದು ಪದ ಬಂದ ಮೇಲೆ ಮುಂದೆ ಮಾತಿಲ್ಲ. ಇಡೀ ಅಂಗಡಿಯಲ್ಲಿ ತಪ್ಪು ಮಾಡಿದವರು ಯಾರೂ ಇಲ್ಲ. ಎಲ್ಲಾ ಸಿಸ್ಟಮ್ ಮಾಡಿದ್ದು.

ಆ ಸಾಮಾನು ಬೇಡ, ಬಿಲ್‌ನಿಂದ ತೆಗೆಯಿರಿ ಅಂದರೆ ಅದೂ ಆಗುವುದಿಲ್ಲ. ಅದಕ್ಕೆ ಸೂಪರ್‌ವೈಸರ್ ಬರಬೇಕು. ಸೂಪರ್‌ವೈಸರ್ ಎಲ್ಲೋ ಗೋಡೌನ್‌ನಲ್ಲಿ ಲೋಡ್ ಇಳಿಸಿಕೊಳ್ಳುತ್ತಿದ್ದಾನೆ. ಹುಡುಗಿ ಕೈ ಎತ್ತಿ ಕರೆಯುತ್ತಾಳೆ, ಗಂಟೆ ಒತ್ತುತ್ತಾಳೆ, ಕತ್ತು ಉದ್ದ ಮಾಡಿ ನೋಡುತ್ತಾಳೆ. ಅಷ್ಟೊತ್ತಿಗೆ ಹಿಂದಿನ ಸಾಲಿನಿಂದ ಉಸಿರು ಬಿಡುವ ಸದ್ದು ಶುರು. ಒಬ್ಬರು ವಾಚ್ ನೋಡಿಕೊಳ್ಳುತ್ತಾರೆ. ಇನ್ನೊಬ್ಬರು, "ಬಿಡೀ ಮೇಡಂ, ಅಷ್ಟಕ್ಕೆಲ್ಲ ಯಾಕೆ..." ಅಂತ ಬುದ್ಧಿ ಹೇಳುತ್ತಾರೆ. ಮೋಸ ಹೋಗುತ್ತಿರುವವಳು ನಾನು, ಸಾಲು ನಿಲ್ಲಿಸಿದ ಜಗಳಗಂಟಿಯೂ ನಾನೇ! ಆ ಅಣ್ಣನಿಗೆ ಒಂದು ಮಾತು. ನಿಮ್ಮ ಬಿಲ್‌ನಲ್ಲೂ ಅಂಥದ್ದೇ ಒಂದು ಕೂತಿರಬಹುದು. ನೀವು ನೋಡಿಲ್ಲ, ಅಷ್ಟೇ.

ಸೂಪರ್‌ವೈಸರ್ ಬಂದ ಮೇಲೂ ಮುಗಿಯಲಿಲ್ಲ. ಚೀಟಿ ಎಲ್ಲಿದೆ ತೋರಿಸಿ ಅಂದ. ಟ್ರಾಲಿ ಅಲ್ಲೇ ಬಿಟ್ಟು ಅವನ ಹಿಂದೆ ಅಂಗಡಿಯ ಆ ತುದಿಗೆ ಹೋದೆ. ತೋರಿಸಿದೆ. ಅವನು ಬಗ್ಗಿ ಮೂಲೆಯ ಸಣ್ಣ ಅಕ್ಷರ ಓದಿದ, "ಹೌದು, ಡೇಟ್ ಮುಗ್ದಿದೆ" ಅಂದ, ಸರ‍್ರನೆ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡ. ಮುಗಿಯಿತು! ಸಾಕ್ಷಿಯೂ ಹೋಯಿತು. ಕ್ಷಮಿಸಿ ಅಂತ ಒಂದು ಮಾತಿಲ್ಲ. ಹಾಕಿದ ರೇಟಿಗೆ ಕೊಡೋಣ ಅನ್ನುವುದಂತೂ ದೂರದ ಮಾತು.

ಕೌಂಟರ್ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ರೇಟು ಇಡುವುದು ಅವಳಲ್ಲ, ಚೀಟಿ ಅಂಟಿಸುವುದು ಅವಳಲ್ಲ, ಒಂದು ಸಾಮಾನು ಬಿಲ್‌ನಿಂದ ತೆಗೆಯುವ ಅಧಿಕಾರವೂ ಅವಳಿಗಿಲ್ಲ. ಬೈಸಿಕೊಳ್ಳುವುದಕ್ಕೆ ಮಾತ್ರ ಅವಳು. ಎದುರಿಗೆ ಸಿಗುವವಳು ಅವಳೊಬ್ಬಳೇ ಅಂತ ಎಲ್ಲರೂ ಅವಳ ಮೇಲೆ ರೇಗುತ್ತಾರೆ. ಮೇಲೆ ಕೂತವರಿಗೂ ಬೇಕಾಗಿರುವುದು ಅದೇ.

ಇದೆಲ್ಲಾ ಯಾಕೆ ಹೀಗಾಗುತ್ತದೆ ಗೊತ್ತಾ? ಪ್ಯಾಕೆಟ್ ಮೇಲಿನ ಬಾರ್‌ಕೋಡ್‌ನಲ್ಲಿ ರೇಟು ಇರುವುದೇ ಇಲ್ಲ. ಆ ಕಪ್ಪು ಗೆರೆಗಳಲ್ಲಿ ಇರುವುದು ಒಂದು ನಂಬರ್ ಮಾತ್ರ. ಸ್ಕ್ಯಾನ್ ಮಾಡಿದಾಗ ಮೆಷಿನ್ ಆ ನಂಬರ್ ಹಿಡಿದು ಅಂಗಡಿಯ ಕಂಪ್ಯೂಟರ್‌ನಲ್ಲಿ ರೇಟು ಹುಡುಕುತ್ತದೆ. ಅಂದರೆ ರೇಟು ಎರಡು ಕಡೆ ಇದೆ. ಒಂದು ಕಂಪ್ಯೂಟರ್‌ನಲ್ಲಿ, ಇನ್ನೊಂದು ರ‍್ಯಾಕ್ ಮೇಲಿನ ಕಾಗದದಲ್ಲಿ. ಕಂಪ್ಯೂಟರ್‌ನಲ್ಲಿ ಬದಲಾಯಿಸಲು ಎಲ್ಲೋ ಕೂತ ಒಬ್ಬರು ಒಂದು ಗುಂಡಿ ಒತ್ತಿದರೆ ಸಾಕು. ಕಾಗದ ಬದಲಾಯಿಸಲು ಒಬ್ಬ ಮನುಷ್ಯ ಸಾಲು ಸಾಲು ನಡೆದು, ಬಗ್ಗಿ, ಕಿತ್ತು, ಅಂಟಿಸಬೇಕು. ಆ ಮನುಷ್ಯನನ್ನು ಇವರು ಇಟ್ಟಿಲ್ಲ. ಇಟ್ಟಿದ್ದರೂ ಅವನನ್ನೇ ಲೋಡ್ ಇಳಿಸಲು, ಅವನನ್ನೇ ನೆಲ ಒರೆಸಲು ಕಳಿಸಿರುತ್ತಾರೆ.

ಮೊದಲು ಹೀಗಿರಲಿಲ್ಲ. ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಅನ್ನುವ ಊರಿನ ಒಂದು ಸೂಪರ್‌ಮಾರ್ಕೆಟ್‌ನಲ್ಲಿ 1974ರ ಜೂನ್ 26ರಂದು ಒಂದು ಚೂಯಿಂಗ್ ಗಮ್ ಪ್ಯಾಕನ್ನು ಮೊದಲ ಸಲ ಬಾರ್‌ಕೋಡ್ ಓದಿಸಿ ಮಾರಿದರು. ಅದಕ್ಕೂ ಮುಂಚೆ ಪ್ರತಿ ಡಬ್ಬಿ, ಪ್ರತಿ ಪೊಟ್ಟಣದ ಮೇಲೆ ಅಂಗಡಿಯವರೇ ರೇಟಿನ ಚೀಟಿ ಅಂಟಿಸುತ್ತಿದ್ದರು ಅಥವಾ ಮುದ್ರೆ ಒತ್ತುತ್ತಿದ್ದರು. ಬಾರ್‌ಕೋಡ್ ಬಂದ ಮೇಲೆ, ಇನ್ನು ಆ ಕೆಲಸ ಯಾಕೆ, ಆ ಕೂಲಿ ಉಳಿಯಿತು ಅಂದರು. ಅಲ್ಲಿಯ ಗ್ರಾಹಕರು ಆಗಲೇ ಗಲಾಟೆ ಮಾಡಿದರು. ಸಾಮಾನಿನ ಮೇಲೆ ರೇಟು ಇಲ್ಲದಿದ್ದರೆ ಕೌಂಟರ್‌ನಲ್ಲಿ ಏನು ಹಾಕುತ್ತಾರೋ ನಮಗೆ ಹೇಗೆ ಗೊತ್ತಾಗಬೇಕು ಅಂತ. ಮಿಷಿಗನ್ ರಾಜ್ಯದಲ್ಲಿ 1976ರಲ್ಲಿ ಕಾನೂನೇ ಬಂತು, ಒಂದೊಂದು ಸಾಮಾನಿಗೂ ರೇಟು ಹಚ್ಚಲೇಬೇಕು ಅಂತ. 2011ರಲ್ಲಿ ಆ ಕಡ್ಡಾಯ ತೆಗೆದರು. ಆದರೆ ಸುಮ್ನೆ ತೆಗೆಯಲಿಲ್ಲ. ತೋರಿಸಿದ ರೇಟಿಗಿಂತ ಜಾಸ್ತಿ ಸ್ಕ್ಯಾನ್ ಆದರೆ ಆ ವ್ಯತ್ಯಾಸವನ್ನು ವಾಪಸ್ ಕೊಡಬೇಕು, ಅದರ ಮೇಲೆ ವ್ಯತ್ಯಾಸದ ಹತ್ತು ಪಟ್ಟು ಕೊಡಬೇಕು ಅನ್ನುವುದನ್ನು ಇಟ್ಟುಕೊಂಡರು. ಆ ಹತ್ತು ಪಟ್ಟಿಗೆ ಐದು ಡಾಲರ್‌ನ ಮಿತಿ ಇದೆ, ಇರಲಿ ಬಿಡಿ. ಕೆನಡಾದಲ್ಲಿ ದೊಡ್ಡ ಅಂಗಡಿಗಳು 2002ರಿಂದ ತಾವಾಗಿಯೇ ಒಂದು ನಿಯಮ ಒಪ್ಪಿಕೊಂಡಿವೆ. ಸ್ಕ್ಯಾನ್ ರೇಟು ಜಾಸ್ತಿ ಬಂದು, ಸಾಮಾನು ಕಡಿಮೆ ಬೆಲೆಯದಾಗಿದ್ದರೆ ಅದು ಪುಕ್ಕಟೆ. ಆಸ್ಟ್ರೇಲಿಯಾದ ದೊಡ್ಡ ಅಂಗಡಿಗಳೂ ಇಂಥದ್ದೇ ಒಂದು ಒಪ್ಪಂದ ಮಾಡಿಕೊಂಡಿವೆ.

ಅಂದರೆ ಇದನ್ನು ಸರಿ ಮಾಡಬಹುದು. ತಪ್ಪಾದರೆ ಅಂಗಡಿಯ ಜೇಬಿಗೆ ಕತ್ತರಿ ಬೀಳುತ್ತದೆ ಅಂತಾದರೆ ಸಾಕು, ರಾತ್ರೋರಾತ್ರಿ ಚೀಟಿಗಳೆಲ್ಲಾ ಬದಲಾಗುತ್ತವೆ. ಈಗ ತಪ್ಪಾದರೆ ಯಾರಿಗೆ ನಷ್ಟ? ನಮಗೆ. ಯಾರಿಗೆ ಲಾಭ? ಹೇಳಬೇಕಾ?

ಇನ್ನೊಂದು ಗಮನಿಸಿ. ಆಫರ್ ಶುರುವಾಗುವ ದಿನ ಚೀಟಿ ಒಂದು ನಿಮಿಷ ತಡವಾಗುವುದಿಲ್ಲ. ಬಾಗಿಲು ತೆಗೆಯುವ ಹೊತ್ತಿಗೆ ಬ್ಯಾನರ್, ತೋರಣ, ನೆಲದ ಮೇಲೆ ಸ್ಟಿಕ್ಕರ್, ಮೈಕ್‌ನಲ್ಲಿ ಕೂಗು. ಆಫರ್ ಮುಗಿಯುವ ದಿನ ಮಾತ್ರ ಎಲ್ಲರ ಕೈಗೂ ಕೆಲಸ ಜಾಸ್ತಿ! ಕಡಿಮೆ ರೇಟಿನ ಚೀಟಿ ಅಲ್ಲೇ ನೇತಾಡುತ್ತಿರುತ್ತದೆ, ಕಂಪ್ಯೂಟರ್ ಮಾತ್ರ ಟೈಮಿಗೆ ಸರಿಯಾಗಿ ಎದ್ದು ಕೂತಿರುತ್ತದೆ. ಬೇಕಂತಲೇ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಸರಿ ಮಾಡಲು ಅವಸರ ಇಲ್ಲ ಅಂತ ಖಂಡಿತ ಹೇಳುತ್ತೇನೆ.

ಕಡಿಮೆ ರೇಟು ಕೊಡಬೇಕು ಅಂದರೆ ಖರ್ಚು ಕಡಿಮೆ ಮಾಡಬೇಕು, ಅದು ನನಗೂ ಅರ್ಥವಾಗುತ್ತದೆ. ರಟ್ಟಿನ ಪೆಟ್ಟಿಗೆಯ ಬಾಯಿ ಸೀಳಿ ಹಾಗೇ ರ‍್ಯಾಕ್‌ಗೆ ತಳ್ಳಿದ್ದಾರಾ, ಇರಲಿ. ಕಟ್ಟಿಕೊಡುವವರು ಇಲ್ಲವಾ, ನಾನೇ ತುಂಬಿಕೊಳ್ಳುತ್ತೇನೆ. ಚೀಲ ಮನೆಯಿಂದ ತರುತ್ತೇನೆ. ಹತ್ತು ಕೌಂಟರ್ ಕಟ್ಟಿಸಿ ಎರಡೇ ತೆರೆದಿಟ್ಟಿದ್ದಾರಾ, ಗೊಣಗಿಕೊಂಡೇ ನಿಲ್ಲುತ್ತೇನೆ. ಟ್ರಾಲಿಯ ಒಂದು ಚಕ್ರ ತನ್ನ ಪಾಡಿಗೆ ತಾನು ಬೇರೆ ದಿಕ್ಕಿಗೆ ಹೊರಡುತ್ತದೆ, ಅದಕ್ಕೂ ಹೊಂದಿಕೊಂಡಿದ್ದೇನೆ. ಈ ಥರ ಅಂಗಡಿಗಳಿಗೆಲ್ಲ ಮೇಲ್ಪಂಕ್ತಿ ಹಾಕಿಕೊಟ್ಟ ಜರ್ಮನಿಯ ಆಲ್ಡಿಯಲ್ಲಿ ಎಷ್ಟೋ ವರ್ಷ ಸ್ಕ್ಯಾನರೇ ಇರಲಿಲ್ಲ. ಕೌಂಟರ್‌ನಲ್ಲಿ ಕೂತವರಿಗೆ ಅಂಗಡಿಯ ಸಾಮಾನಿನ ರೇಟೆಲ್ಲಾ ಬಾಯಿಪಾಠ ಇರುತ್ತಿತ್ತು. ಸಾಮಾನಿನ ಬಗೆ ಕಡಿಮೆ, ರೇಟು ದಿನಕ್ಕೊಂದು ಸಲ ಕುಣಿಯುತ್ತಿರಲಿಲ್ಲ, ಹಾಗಾಗಿ ಸಾಧ್ಯವಾಯಿತು. ಅಗ್ಗಕ್ಕೆ ಮಾರುವುದಕ್ಕೂ ರೇಟು ಗೊಂದಲ ಮಾಡುವುದಕ್ಕೂ ಸಂಬಂಧವೇ ಇಲ್ಲ. ನಮಗೆ ಕಥೆ ಹೇಳಬೇಡಿ.

ಇನ್ನು ಆ "ಎರಡು ತಗೊಂಡರೆ" ಆಫರ್‌ಗಳು. ಅದನ್ನು ನೆನೆಸಿಕೊಂಡರೆ ಬೇರೆಯದೇ ತಲೆನೋವು. ಚಿಕ್ಕ ಪ್ಯಾಕ್ ಎರಡು ತಗೊಂಡರೆ ಲಾಭವಾ, ದೊಡ್ಡ ಪ್ಯಾಕ್ ಒಂದು ತಗೊಂಡರೆ ಲಾಭವಾ? ದೊಡ್ಡದೇ ಅಗ್ಗ ಅಂತ ಕಣ್ಣುಮುಚ್ಚಿ ಎತ್ತಿಕೊಳ್ಳುವವರು ಒಮ್ಮೆ ಫೋನ್‌ನಲ್ಲಿ ಭಾಗಾಕಾರ ಮಾಡಿ ನೋಡಿ. ಎಷ್ಟೋ ಸಲ ತಿರುಗುಮುರುಗು. ಒಂದು 400 ಗ್ರಾಂ, ಪಕ್ಕದ್ದು 350, ಅದರಾಚೆಯದ್ದು 425. ಹೋಲಿಸಲು ಆಗಬಾರದು ಅಂತಲೇ ಇಟ್ಟ ಹಾಗಿದೆ. ಕಿಲೋಗೆ ಎಷ್ಟು, ಲೀಟರ್‌ಗೆ ಎಷ್ಟು ಅಂತ ಚೀಟಿ ಮೇಲೆ ಬರೆಯಬೇಕು ಅಂತ ಯುರೋಪಿನಲ್ಲಿ 1998ರಲ್ಲೇ ನಿಯಮ ಮಾಡಿದರು. ನಮ್ಮ ಅಂಗಡಿಯಲ್ಲೂ ಕೆಲವು ಚೀಟಿಗಳ ಮೇಲೆ ಅದು ಇದೆ. ಎಲ್ಲಿ ಅಂತೀರಾ, ಆ ಮೂಲೆಯ ಸಣ್ಣ ಅಕ್ಷರದಲ್ಲಿ! ಅದರಲ್ಲೂ ಒಂದಕ್ಕೆ ನೂರು ಗ್ರಾಂ ಲೆಕ್ಕ, ಪಕ್ಕದ್ದಕ್ಕೆ ಕಿಲೋ ಲೆಕ್ಕ.

ಪ್ಯಾಕೆಟ್ ಅಷ್ಟೇ ದಪ್ಪ, ಬಣ್ಣ ಅದೇ, ರೇಟೂ ಅದೇ, ಒಳಗಿನ ತೂಕ ಮಾತ್ರ ಇಳಿದಿರುತ್ತದೆ. ಅದನ್ನು ಮಾಡುವುದು ತಯಾರಿಸುವ ಕಂಪನಿ, ಅಂಗಡಿಯಲ್ಲ, ಗೊತ್ತು. ಆದರೆ ಫ್ರಾನ್ಸ್‌ನಲ್ಲಿ 2024ರ ಜುಲೈನಿಂದ, ತೂಕ ಇಳಿಸಿ, ಕಿಲೋ ಅಥವಾ ಲೀಟರ್ ಲೆಕ್ಕದಲ್ಲಿ ದರ ಏರಿಸಿದ ಸಾಮಾನಿನ ಹತ್ತಿರ ದೊಡ್ಡ ಅಂಗಡಿಯವರೇ ಹಾಗಂತ ಬೋರ್ಡ್ ಹಾಕಬೇಕು. ಇಲ್ಲಿ ಹಾಕುವ ಬೋರ್ಡ್ ಏನು? "ಹೊಸ ಪ್ಯಾಕ್!"

ಈಗ ನಾನು ಮಾಡುವುದು ಇಷ್ಟು. ಆಫರ್ ಚೀಟಿ ಕಂಡ ಕೂಡಲೇ ಫೋನ್ ತೆಗೆದು ಫೋಟೋ. ತಾರೀಕು, ಗ್ರಾಂ, ರೇಟು ಎಲ್ಲಾ ಕಾಣುವ ಹಾಗೆ. ಆಫರ್ ಸಾಮಾನುಗಳನ್ನೆಲ್ಲಾ ಬೆಲ್ಟ್ ಮೇಲೆ ಮೊದಲು ಇಡುತ್ತೇನೆ. ಪರದೆ ನನ್ನ ಕಡೆ ತಿರುಗಿಸಿ ಅನ್ನುತ್ತೇನೆ. ಒಂದೊಂದು ಬೀಪ್‌ಗೂ ಕಣ್ಣಿಟ್ಟಿರುತ್ತೇನೆ. ದುಡ್ಡು ಕೊಡುವ ಮುಂಚೆ ಹೇಳಿದರೆ ಬೆಲೆಯಿದೆ. ಕೊಟ್ಟ ಮೇಲೆ "ಕಸ್ಟಮರ್ ಕೇರ್ ಡೆಸ್ಕ್‌ಗೆ ಹೋಗಿ" ಅಂತಾರೆ, ಅಲ್ಲಿ ಕುರ್ಚಿ ಖಾಲಿ. ನಾಳೆ ಬರೋಣ ಅಂತ ಬಿಲ್ ಎತ್ತಿಟ್ಟುಕೊಂಡರೆ ಅದೂ ಶಾಖಕ್ಕೆ ಕಪ್ಪಾಗುವ ಕಾಗದ, ಬಿಸಿಲಿಗೆ ಬಿದ್ದರೆ ಅಕ್ಷರ ಮಾಸುತ್ತದೆ. ಸಾಲಿನಲ್ಲಿ ನಿಂತವರು ಏನು ಬೇಕಾದರೂ ಅಂದುಕೊಳ್ಳಲಿ, ನಾನಂತೂ ಬಿಡುವುದಿಲ್ಲ.

ಇಷ್ಟೆಲ್ಲಾ ಆಗಿ ಹೊರಗೆ ಬರೋಣ ಅಂದರೆ ಬಾಗಿಲಲ್ಲಿ ಸೆಕ್ಯೂರಿಟಿ. ಬಿಲ್ ತೋರಿಸಿ ಅನ್ನುತ್ತಾನೆ. ಚೀಲದ ಒಳಗೆ ಕೈ ಹಾಕಿ ಸೋಪು ಎಷ್ಟು, ಡಬ್ಬಿ ಎಷ್ಟು ಅಂತ ಬೆರಳಲ್ಲಿ ಎಣಿಸುತ್ತಾನೆ. ಆಮೇಲೆ ಬಿಲ್ ಮೇಲೆ ಪೆನ್ನಲ್ಲಿ ಒಂದು ಗೀಟು ಎಳೆದು ಬಿಡುತ್ತಾನೆ. ನನ್ನ ಚೀಲದಲ್ಲಿ ಒಂದು ಸೋಪು ಬಿಲ್‌ಗಿಂತ ಜಾಸ್ತಿ ಇದ್ದರೆ ಅದು ಕಳ್ಳತನ, ಪಕ್ಕದ ರೂಮಿಗೆ ಕರೆದು ಕೂರಿಸುತ್ತಾರೆ. ಅವರ ಬಿಲ್‌ನಲ್ಲಿ ಚೀಟಿಗಿಂತ ಜಾಸ್ತಿ ಇದ್ದರೆ ಅದು ಸಿಸ್ಟಮ್. ಅವನು ಎಣಿಸುತ್ತಿರುವಾಗ ಒಂದು ದಿನ ಕೇಳಿಯೇ ಬಿಟ್ಟೆ, "ಏನಪ್ಪಾ, ನನ್ನ ಸಾಮಾನು ಎಣಿಸ್ತೀಯಲ್ಲ, ಇದರಲ್ಲಿ ರೇಟು ಸರಿ ಇದೆಯಾ ನೋಡೋಕೆ ಯಾರನ್ನ ಇಟ್ಟಿದ್ದಾರೆ?" ಅಂತ. ಅವನು ನಕ್ಕು, "ನನಗೇನು ಗೊತ್ತು ಮೇಡಂ, ಒಳಗೆ ಕೇಳಿ" ಅಂದ.