ಮೇಸನ್-ಡಿಕ್ಸನ್ ರೇಖೆ ಎಳೆದಿದ್ದು ಗುಲಾಮಗಿರಿಗಾಗಿ ಅಲ್ಲ

ಅಮೆರಿಕದ ಪೆನ್ಸಿಲ್ವೇನಿಯಾ ಮತ್ತು ಮೇರಿಲ್ಯಾಂಡ್ ನಡುವಿನ ಗಡಿಯಾದ ಮೇಸನ್-ಡಿಕ್ಸನ್ ರೇಖೆ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು, ಆದರೆ ಗುಲಾಮಗಿರಿ ಇದ್ದ ರಾಜ್ಯಗಳನ್ನು ಬೇರೆ ಮಾಡಲೆಂದೇ ಆ ರೇಖೆ ಎಳೆದರು ಅನ್ನೋ ಮಾತು ತಪ್ಪು. ಅದು ಎರಡು ಮನೆತನಗಳ ಗಡಿ ತಕರಾರು. ಆಗ ಬ್ರಿಟಿಷ್ ವಸಾಹತುಗಳಾಗಿದ್ದ ಪೆನ್ಸಿಲ್ವೇನಿಯಾದ ಒಡೆಯರಾದ ಪೆನ್ ಕುಟುಂಬಕ್ಕೂ ಮೇರಿಲ್ಯಾಂಡಿನ ಒಡೆಯರಾದ ಕ್ಯಾಲ್ವರ್ಟ್ ಕುಟುಂಬಕ್ಕೂ ಜಗಳ ಬಗೆಹರಿಯದೆ, ಇಂಗ್ಲೆಂಡಿನಿಂದ ಚಾರ್ಲ್ಸ್ ಮೇಸನ್ ಮತ್ತು ಜೆರೆಮಯಾ ಡಿಕ್ಸನ್ ಅವರನ್ನು ಕರೆಸಿ 1763ರಿಂದ 1767ರವರೆಗೆ ಅಳತೆ ಮಾಡಿಸಿದರು, ಸಾಕಷ್ಟು ದೂರದವರೆಗೆ ಮೈಲಿಗೊಂದು ಕಲ್ಲು, ಐದು ಮೈಲಿಗೊಮ್ಮೆ ಎರಡೂ ಮನೆತನದ ಲಾಂಛನ ಕೆತ್ತಿದ ಕಲ್ಲು ನೆಟ್ಟರು, ಆ ಕಲ್ಲುಗಳೂ ಇಂಗ್ಲೆಂಡಿನಿಂದಲೇ ಹಡಗಿನಲ್ಲಿ ಬಂದವು. ಆಗ ರೇಖೆಯ ಎರಡೂ ಕಡೆ ಗುಲಾಮರಿದ್ದರು! 1780ರಲ್ಲಿ ಪೆನ್ಸಿಲ್ವೇನಿಯಾ ಹಂತಹಂತವಾಗಿ ಗುಲಾಮಗಿರಿ ನಿಲ್ಲಿಸುವ ಕಾನೂನು ತಂದ ಮೇಲೆ ತಾನೇ ಅದಕ್ಕೆ ಗುಲಾಮಗಿರಿಯ ಗಡಿ ಅನ್ನೋ ಅರ್ಥ ಬರಲು ಶುರುವಾಗಿದ್ದು.

ಇನ್ನೊಂದು, ಗುಲಾಮರು ರೇಖೆ ದಾಟಿ ಉತ್ತರಕ್ಕೆ ಬಂದರೆ ಬಿಡುಗಡೆ ಅಂತ ಬರೆದಿದ್ದೀರಿ. ಆದರೆ ಅಮೆರಿಕದ 1850ರ ಕಾನೂನಿನಲ್ಲಿ, ತಪ್ಪಿಸಿಕೊಂಡು ಬಂದವರನ್ನು ಉತ್ತರದಲ್ಲೂ ಹಿಡಿದು ವಾಪಸ್ ಕಳಿಸಬಹುದಿತ್ತು. ಅದಕ್ಕೇ ಅಲ್ವಾ, ತಾವೇ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಇತರರನ್ನೂ ಬಿಡಿಸಿದ ಹ್ಯಾರಿಯೆಟ್ ಟಬ್ಮನ್ ತಮ್ಮವರನ್ನು ಕೆನಡಾದವರೆಗೂ ಕರೆದುಕೊಂಡು ಹೋಗಬೇಕಾಗಿ ಬಂದಿದ್ದು? ಅಷ್ಟು ದೂರ ಜೀವ ಕೈಯಲ್ಲಿ ಹಿಡಿದು ಹೋದವರ ವಿಷಯ ಇದು, ದಯವಿಟ್ಟು ಆ ಸಾಲು ತಿದ್ದಿ.